ಅಂಪೈರ್ ದನಿ

ಸಾಫ್ಟ್‌ಬಾಲ್ ಪಂದ್ಯದ ಕೊನೆಯ ರನ್ನಿಗಾಗಿ ಓಡುತ್ತಿದ್ದ ಹುಡುಗಿ “ಫೌಲ್!” ಎಂಬ ಕೂಗು ಕೇಳಿ, ಓಟ ಲೆಕ್ಕಕ್ಕಿಲ್ಲವೆಂದುಕೊಂಡು ಗಕ್ಕನೆ ನಿಂತಳು. ಎದುರಾಳಿಗಳು ಅವಳಿಗೆ ಚೆಂಡು ಮುಟ್ಟಿಸಿ ಔಟ್ ಎಂದು ಕುಣಿದರು. ಆ ಒಡಕು ದನಿ ಅಂಪೈರ್ ಮೇಡಂದೇ. ಆದರೆ ಅವರು ಬಾಯಿ ತೆರೆದೇ ಇರಲಿಲ್ಲ.

“ಯಾರೇ ನನ್ನ ಥರ ಕೂಗಿದ್ದು?”

ಎದುರಾಳಿ ಕ್ಯಾಪ್ಟನ್ ಎಗರಿಬಿದ್ದಳು. “ಸುಮ್‌ಸುಮ್ನೆ ನಮ್ಮೇಲೆ ಹಾಕ್ಬೇಡಿ. ನಾವು ಕೂಗಿದ್ದಕ್ಕೆ ಸಾಕ್ಷಿ ಇದ್ರೆ ಅವಳಿಗೆ ರನ್ ಕೊಡಿ. ಇಲ್ದಿದ್ರೆ ಔಟ್ ಕೊಡಿ!”

ಅಂಪೈರ್ ಹಲ್ಲು ಕಚ್ಚಿದರು. ಆಮೇಲೆ ಸಣ್ಣಗೆ ನಕ್ಕರು.

“ಸರಿ, ಔಟೇ. ನನ್ನ ದನಿ ಹಂಗಿರುತ್ತಾ? ಯಾವುದೋ ಕತ್ತೆ ಅರಚಿದ್ದನ್ನ ಇವಳು ನಂಬ್ಬಿಟ್ಲು.”

ಮೂರನೇ ಬೇಸು ಕಾಯುತ್ತಿದ್ದ ಎದುರಾಳಿ ಹುಡುಗಿ ಗ್ಲೌಸ್ ಕಿತ್ತು ನೆಲಕ್ಕೆ ಬಡಿದಳು.

“ಕತ್ತೆನಾ? ಹದಿನೈದು ದಿನ ಹಾಸ್ಟೆಲ್ಲಲ್ಲಿ ನಿಮ್ಮ ದನೀನೇ ಪ್ರಾಕ್ಟೀಸ್ ಮಾಡಿದ್ದೀನಿ ಮೇಡಂ!”