ಕೊರಿಯಾದ ಕಾನೂನು

ಬೇಕರಿಯ ಟಿವಿ ಮುಂದೆ ವರ್ಷಗಳಿಂದ ತನ್ನೊಡನೆ ಫುಟ್‌ಬಾಲ್ ನೋಡುತ್ತಿದ್ದ ಹಿರಿಯರ ಬಳಿ, ಅವರ ಮಗಳನ್ನು ಮದುವೆಗೆ ಕೇಳಲೆಂದೇ ಯುವಕ ಅಂದು ಬಂದಿದ್ದ. ಅವಳು ಒಪ್ಪಿಯಾಗಿತ್ತು. ಮಾತು ಮಾತ್ರ ಟಿವಿಯಲ್ಲಿ ಆಡುತ್ತಿದ್ದ ಕೊರಿಯಾದ ವಿಂಗರ್‌ನನ್ನು ಬಿಟ್ಟು ಕದಲುತ್ತಿರಲಿಲ್ಲ.

“ವಿಂಗರ್ ಅಂದ್ರೆ ಅಂಚು ಹಿಡಿದು ಓಡಿ ಗೋಲಿನ ಮುಂದಕ್ಕೆ ಕ್ರಾಸ್ ಹಾಕ್ಬೇಕು, ಅಂಕಲ್.”

“ಅದು ನಮ್ಮ ಕಾಲದ ಆಟ ಕಣೋ. ಇವನ್ನ ನೋಡು, ಒಳಗೆ ನುಗ್ಗಿ ತಾನೇ ಹೊಡೀತಾನೆ. ಅದಿರ್ಲಿ, ಅರ್ಧ ತಂಡದ ಬೆನ್ನ ಮೇಲೆ ಕಿಮ್ ಅಂತಲೇ ಇದೆಯಲ್ಲೋ?”

“ಅದು ಮನೆತನದ ಹೆಸರು ಅಂಕಲ್. ಮೊದಲೆಲ್ಲ ಆ ಹೆಸರೂ ಮೂಲದ ಊರೂ ಒಂದೇ ಆಗಿದ್ರೆ ಮದುವೆ ಆಗೋ ಹಾಗಿರ್ಲಿಲ್ಲ. ಆಮೇಲೆ ಆ ಕಾನೂನು ತೆಗೆದುಹಾಕಿದ್ರು.”

“ಒಳ್ಳೇ ಕೆಲಸ! ಹುಡುಗ ಹುಡುಗಿ ಒಪ್ಪಿದ ಮೇಲೆ ತಡೆಯೋಕೆ ಅದ್ಯಾವ ದೊಣ್ಣೆನಾಯಕನ ಕಾನೂನು?”

ಯುವಕನಿಗೆ ಧೈರ್ಯ ಬಂತು. ಕೇಳಿಯೇಬಿಟ್ಟ.

ಹಿರಿಯರು ಸಿಟ್ಟಾಗಲಿಲ್ಲ. ತಮ್ಮ ಬನ್ನಿನಲ್ಲಿ ಅರ್ಧ ಮುರಿದು ಅವನ ಕೈಗಿಟ್ಟು, ಮೆಲ್ಲಗೆ ಹೇಳಿದರು:

“ಅಲ್ಲಿ ಅದು ಕಾನೂನಾಗಿತ್ತು, ತೆಗೆದ್ರು. ನಿಮ್ಮ ಕೇರಿಗೆ ಹೆಣ್ಣು ಕೊಡಬಾರದು ಅಂತ ಇಲ್ಲಿ ಕಾನೂನೇ ಇಲ್ವಲ್ಲಪ್ಪ. ಏನನ್ನ ತೆಗೀತಾರೆ?”