ಗೇರ್‌ಬಾಕ್ಸಿನ ಅಡಿಯ ರಬ್ಬರ್

ಹೊಸ ಚಪ್ಪಲಿಯ ರಬ್ಬರ್ ವಾಸನೆ ಬಂದರೆ ಈಗಲೂ ನನಗೆ ಮರ್ಕಂಜದ ನಮ್ಮ ಅಂಗಳ, ಅಲ್ಲಿ ನಿಂತಿದ್ದ ಹಳೇ ಪಿಕಪ್ ನೆನಪಾಗುತ್ತದೆ.

ಬಾಣಂತನಕ್ಕೆ ಬಂದಿದ್ದ ಅಕ್ಕ ಮಗುವಿನೊಂದಿಗೆ ಇಚಿಲಂಪಾಡಿಯ ಗಂಡನ ಮನೆಗೆ ಹೊರಡಬೇಕಿತ್ತು. ಆದರೆ ಗೇರ್‌ಬಾಕ್ಸನ್ನು ಹೊತ್ತು ಕೂರುವ ರಬ್ಬರ್ ಹರಿದು, ಗಾಡಿ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. "ಇದರಲ್ಲಿ ಎಳೇ ಮಗುವನ್ನು ಕೊಂಡುಹೋಗುದು ಹೇಗೆ?" ಎಂದು ಅಪ್ಪ ಎರಡು ವಾರದಿಂದ ಪ್ರಯಾಣ ಮುಂದೆ ಹಾಕುತ್ತಿದ್ದರು. ಆ ಎರಡು ವಾರವೂ ಮಗು ನನ್ನ ಜಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಮಾಡುತ್ತಿತ್ತು.

ಆ ಮಧ್ಯಾಹ್ನ ಸುಳ್ಯದಿಂದ ಮೆಕ್ಯಾನಿಕ್ ಅಬ್ಬಾಸಣ್ಣ ಹೊಸ ರಬ್ಬರ್ ತಂದರು. ಗೇರ್‌ಬಾಕ್ಸಿನ ಅಡಿಗೆ ಜಾಕಿ ಕೊಟ್ಟು, ಹಳತನ್ನು ಕಳಚಿ, ಹೊಸತನ್ನು ಕೂರಿಸಿ ಬೋಲ್ಟು ಬಿಗಿದರು. ಅಮ್ಮ ಕುಡಿಯಲು ಕೊಟ್ಟಿದ್ದ ನೀರು ತುಂಬಿದ ಲೋಟವನ್ನು ಗೇರಿನ ಪಕ್ಕದಲ್ಲೇ ಇಟ್ಟು ಇಂಜಿನ್ ಚಾಲು ಮಾಡಿದರು. ನನ್ನನ್ನು ಸೀಟಿಗೆ ಹತ್ತಿಸಿ, "ಗೇರಿನ ಮೇಲೆ ಕೈಯಿಡು ಪುಟ್ಟಿ. ನಡುಗುದುಂಟಾ?" ಎಂದು ಕೇಳಿದರು.

ಗೇರು ಸುಮ್ಮನಿತ್ತು.

"ಉಂಟು," ಎಂದೆ.

ಅಬ್ಬಾಸಣ್ಣ ಲೋಟ ನೋಡಿದರು. ಒಂದು ಹನಿಯೂ ತುಳುಕಿರಲಿಲ್ಲ. ನನ್ನ ಮುಖ ನೋಡಿದರು. ಜಗಲಿಯಲ್ಲಿ ಮಗುವನ್ನೆತ್ತಿಕೊಂಡು ಹೊರಟು ನಿಂತಿದ್ದ ಅಕ್ಕನನ್ನೂ ನೋಡಿದರು. ಅಪ್ಪ ಹತ್ತಿರ ಬರುವ ಮೊದಲೇ ಲೋಟ ಎತ್ತಿ ನೀರನ್ನು ಪೂರ್ತಿ ಕುಡಿದುಬಿಟ್ಟರು.

"ಇನ್ನೂ ಸ್ವಲ್ಪ ನಡುಗುದುಂಟು ಮಾರಾಯ್ರೆ," ಎಂದು ಅಪ್ಪನಿಗೆ ಹೇಳಿದರು. "ನಾಳೆ ಬಂದು ನೋಡ್ತೇನೆ."