ಆರಾಮ ಕುರ್ಚಿಯ ನೆರಳು

ಸತ್ತವರ ನೆರಳು ಅವರು ಅತಿ ಸುಖಪಟ್ಟ ಜಾಗದಲ್ಲೇ ಉಳಿಯುತ್ತದೆಂದು ಊರಿನ ಎಳೆಗೂಸಿಗೂ ಗೊತ್ತು. ಚಿಕ್ಕತಾಯಮ್ಮ ಗಂಡನ ನೆರಳಿಗಾಗಿ ಮನೆಯ ಅಟ್ಟದಿಂದ ಹಿಡಿದು ಉಪ್ಪಿನ ಮಡಕೆಯವರೆಗೆ ಜಾಲಾಡಿದ್ದಳು, ಸಿಕ್ಕಿರಲಿಲ್ಲ. ತನ್ನ ಜೊತೆ ಆ ಮನುಷ್ಯ ಒಂದು ದಿನವೂ ಸುಖವಾಗಿರಲಿಲ್ಲವೇ ಎಂಬ ಕೊರಗು ಅವಳನ್ನು ತಿನ್ನುತ್ತಿತ್ತು. ಕೊನೆಗೆ, ಅವನು ಕಾವಲಿದ್ದ ಪಾಳು ಬಂಗಲೆಯನ್ನು ಪ್ರವಾಸಿಗರಿಗೆ ತೆರೆದಿದ್ದಾರೆಂದು ಕೇಳಿ, ಅಲ್ಲೂ ಒಮ್ಮೆ ನೋಡಿಬಿಡೋಣವೆಂದು ಬಂದಳು.

ಜಗಲಿಯ ಆರಾಮ ಕುರ್ಚಿಯಲ್ಲಿ ಒಂದು ನೆರಳು ಕಾಲು ಚಾಚಿ, ಗೇಟಿನತ್ತ ಮುಖ ಮಾಡಿ ಕೂತಿತ್ತು.

“ಇವರೇ ಈ ಬಂಗಲೆಯ ದೊರೆ. ಲಂಡನ್ನಿನ ಹಡಗಿಗೆ ಕಾಯ್ತಿದ್ದಾರೆ,” ಎಂದ ಗೈಡು. ಜನ ಫೋಟೊ ಹೊಡೆದುಕೊಂಡರು.

ಆ ಗೂನು ಬೆನ್ನು, ಆ ಮೊರದಂಥ ಕಿವಿ ಕಂಡದ್ದೇ ಚಿಕ್ಕತಾಯಮ್ಮನಿಗೆ ಗುರುತು ಹತ್ತಿತು. “ಅಬ್ಬಬ್ಬಾ! ನಿಂತೂ ನಿಂತೂ ಕಾಲು ಮಂಡಿಗಂಟ ಸವೆದೋದ್ವು ಅಂತಿದ್ರಲ್ಲ, ಇದೇನಾ ನೀವು ಮಾಡ್ತಿದ್ದ ಕಾವಲು?” ಎಂದು ಸೊಂಟದ ಮೇಲೆ ಕೈಯಿಟ್ಟಳು.

ಆ ದನಿ ಕೇಳಿದ್ದೇ ತಡ, ನೆರಳು ದಡಬಡಿಸಿ ಎದ್ದಿತು. ಮೆಟ್ಟಿಲಿಳಿದು ಅವಳ ಮುಂದೆ ಬಂದು, ದಿನಾ ಮಧ್ಯಾಹ್ನ ಅವಳು ಗೇಟಿನ ಬಳಿ ನಿಂತು ಕೂಗಿ ಕೊಡುತ್ತಿದ್ದ ಬುತ್ತಿಯನ್ನು ಈಸಿಕೊಳ್ಳುವಂತೆ ಎರಡೂ ಕೈ ಚಾಚಿತು.

“ಅಯ್ಯೋ ಸಿವನೇ,” ಎಂದಳು ಚಿಕ್ಕತಾಯಮ್ಮ, “ಇವತ್ತು ಬರಿಗೈಲಿ ಬಂದ್ಬುಟ್ನಲ್ಲ!”